ಮುದ್ದೆ ಮುಚ್ಚಿಟ್ಟ ಒಸಡು

ಹದಿನೆಂಟು ವರ್ಷಗಳ ಹಿಂದೆ ನಾನು ಯಾವ ಹುಡುಗಿಗೆ ದಿನಕ್ಕೆ ಹತ್ತು ಸಲ ‘ಬಾಯಿ ಮುಚ್ಚು’ ಅನ್ನುತ್ತಿದ್ದೆನೋ, ಅದೇ ಹುಡುಗಿ ಮೊನ್ನೆ ನನಗೆ ‘ಬಾಯಿ ತೆಗೀರಿ ಸಾರ್’ ಅಂದಳು.

ತೆಗೆದೆ. ತೆಗೆಯದೆ ಏನು ಮಾಡಲಿ? ಕುರ್ಚಿ ಅವಳದು, ನೆತ್ತಿಯ ಮೇಲಿನ ಲೈಟು ಅವಳದು, ಕೈಯಲ್ಲಿದ್ದ ಕೊಕ್ಕೆಯೂ ಅವಳದು. ನನ್ನದು ಅಂತ ಅಲ್ಲಿದ್ದದ್ದು ಬಾಯಿ ಒಂದೇ. ಅದೂ ಆಗಲೇ ಅವಳ ಕೈಗೆ ಹೋಗಿತ್ತು.

ಹುಡುಗಿಯ ಹೆಸರು ರಮ್ಯ. ಈಗ ಹುಣಸೂರಿನಲ್ಲಿ ಹಲ್ಲಿನ ಡಾಕ್ಟರು. ಕೋಟೆ ತಾಲ್ಲೂಕಿನ ಎನ್. ಬೇಗೂರಿನವಳು. ನಾನು ಹೆಗ್ಗಡದೇವನಕೋಟೆಯ ಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದಾಗ ಎಂಟನೇ ಕ್ಲಾಸಿನ ಮೂರನೇ ಬೆಂಚಿನಲ್ಲಿ ಕೂತು ಇಡೀ ಸಾಲಿಗೆ ಕೇಳುವ ಹಾಗೆ ಪಿಸುಗುಟ್ಟುತ್ತಿದ್ದಳು. ಆಮೇಲೆ ನನಗೆ ಬಿಳಿಕೆರೆ ಕಡೆಯ ಸ್ಕೂಲಿಗೆ ವರ್ಗವಾಯಿತು, ಹುಣಸೂರಿನಲ್ಲಿ ಮನೆ ಮಾಡಿದೆ, ಅವಳನ್ನು ಮರೆತೆ. ಅವಳು ಮರೆತಿರಲಿಲ್ಲ.

ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ನನ್ನ ಹೆಂಡತಿ ಸುಧಾಮಣಿ ಕೂತಿದ್ದಳು. (ಜೊತೆಗೆ ಬಂದವಳಲ್ಲ, ಹಿಡಿದುಕೊಂಡು ಬಂದವಳು.)

ಈ ಅಂಕಣವನ್ನು ವಾರವಾರ ಓದುವ ನಿಮಗೆ ನನ್ನ ಜಂಭಗಳ ಪಟ್ಟಿ ಗೊತ್ತೇ ಇದೆ. ಅದರಲ್ಲಿ ಮೊದಲನೆಯದು ಹಲ್ಲು. ಐವತ್ತನಾಲ್ಕು ವರ್ಷ, ಒಂದೇ ಒಂದು ಹುಳುಕಿಲ್ಲ. ಹಲ್ಲಿನ ಪಾಠ ಬಂದಾಗಲೆಲ್ಲ ಚಾರ್ಟು ಯಾಕೆ ಅಂತ ನನ್ನ ಬಾಯಿಯನ್ನೇ ತೆರೆದು ತೋರಿಸಿದವನು ನಾನು. ಕೋರೆಹಲ್ಲು ಯಾವುದು, ದವಡೆ ಹಲ್ಲು ಯಾವುದು, ಬಂದು ಎಣಿಸಿಕೊಂಡು ಹೋಗಿ. ಮುಂದಿನ ಬೆಂಚಿನ ಮಕ್ಕಳು ಯಾಕೆ ಮೂಗು ಮುಚ್ಚಿಕೊಳ್ಳುತ್ತಿದ್ದರು ಅನ್ನುವುದು ಈಗ ಅರ್ಥವಾಗುತ್ತಿದೆ.

ಹುಳುಕಿಲ್ಲ, ಸರಿ. ಆದರೆ ಒಸಡು?

ಒಸಡನ್ನು ಯಾರು ನೋಡುತ್ತಾರೆ ಹೇಳಿ. ತೆಂಗಿನ ಮರ ನೋಡುವವರು ಕಾಯಿ ಎಷ್ಟಿದೆ ಅಂತ ನೋಡುತ್ತಾರೆ, ಬುಡದ ಮಣ್ಣು ನೋಡುತ್ತಾರಾ? ಮೂರು ವರ್ಷದಿಂದ ಬ್ರಷ್ ಮಾಡುವಾಗ ರಕ್ತ ಬರುತ್ತಿತ್ತು. ನಾನು ಕಂಡುಕೊಂಡ ಪರಿಹಾರ ಏನು ಗೊತ್ತೇ? ರಕ್ತ ಬರುವ ಜಾಗಕ್ಕೆ ಬ್ರಷ್ಷೇ ಹೋಗದಂತೆ ನೋಡಿಕೊಂಡೆ. ರಕ್ತ ನಿಂತಂತೆ ಕಾಣಿಸಿತು, ವಾಸಿಯಾಯಿತು ಅಂದುಕೊಂಡೆ. ನನ್ನ ವಿದ್ಯಾರ್ಥಿ ಯಾರಾದರೂ ಇಂಥ ಪ್ರಯೋಗ ಮಾಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಮೂರು ವರ್ಷ ಒಬ್ಬ ಮನುಷ್ಯ ಅಲ್ಲಾಡುವ ಹಲ್ಲು ಇಟ್ಟುಕೊಂಡು ಯಾರಿಗೂ ಗೊತ್ತಾಗದ ಹಾಗೆ ಹೇಗೆ ಊಟ ಮಾಡಿದ ಅಂತ ಬೇರೆ ಜಿಲ್ಲೆಯ ಓದುಗರು ಕೇಳಬಹುದು. ನಮ್ಮ ಕಡೆಯವರು ಕೇಳುವುದಿಲ್ಲ. ಅವರಿಗೆ ಉತ್ತರ ಗೊತ್ತು. ಮುದ್ದೆ!

ಚಪಾತಿಯನ್ನು ಅಗಿಯಬೇಕು. ಅಕ್ಕಿ ರೊಟ್ಟಿಯನ್ನು ಅಗಿಯಬೇಕು. ಮುದ್ದೆ? ಮುರಿ, ಸಾರಿನಲ್ಲಿ ಹೊರಳಿಸು, ನುಂಗು. ಅಗಿದರೆ ‘ಇದ್ಯಾವ ಸಿಟಿಯಿಂದ ಬಂದದೆ ಗಂಡು’ ಅಂತ ಪಂಕ್ತಿಯಲ್ಲಿ ನಗುತ್ತಾರೆ. ಹಲ್ಲು ಇದ್ದರೂ ಬೇಡ, ಇಲ್ಲದಿದ್ದರೂ ನಡೆಯುತ್ತದೆ ಅನ್ನುವ ಇಂಥ ಊಟ ನಮ್ಮ ಹುಣಸೂರು, ಪಿರಿಯಾಪಟ್ಟಣದ ಗಂಡಸರಿಗೆ ಸಿಕ್ಕಿರುವಾಗ ಡಾಕ್ಟರ ಹತ್ತಿರ ಹೋಗುವ ದರ್ದು ಯಾರಿಗಿದೆ? ಮೂರು ವರ್ಷದಿಂದ ನಾನು ಎರಡು ಹೊತ್ತೂ ಮುದ್ದೆ. ಶುಗರ್ರಿಗೆ ಒಳ್ಳೆಯದು ಅಂತ ಮನೆಯಲ್ಲಿ ಹೇಳಿದೆ. ಸಿರಿಧಾನ್ಯದ ಮಹತ್ವ ಅಂತ ಸ್ಟಾಫ್ ರೂಮಿನಲ್ಲಿ ಅರ್ಧ ಗಂಟೆ ಭಾಷಣ ಬಿಗಿದೆ. ನಿಜ ಏನೆಂದರೆ, ಚಪಾತಿ ಕಚ್ಚಿದರೆ ಕೆಳಗಿನ ಎರಡು ಮುಂದಿನ ಹಲ್ಲು ಜುಂ ಅನ್ನುತ್ತಿದ್ದವು.

ಸಿಕ್ಕಿಬಿದ್ದದ್ದು ಕೋಡುಬಳೆಯಿಂದ.

ಮಗಳು ಚೈತ್ರಳ ಮದುವೆ ಆಗಿ ಐದಾರು ದಿನವಾಗಿತ್ತು. ಡಬ್ಬದಲ್ಲಿ ಮದುವೆಯ ಕೋಡುಬಳೆ ಉಳಿದಿತ್ತು. ಎಲ್ಲರೆದುರು ಅತ್ತು ಮಗಳನ್ನು ಕಳಿಸಿ ಬಂದ ಮನೆ, ಬಿಕೋ ಅನ್ನುತ್ತಿತ್ತು. ಏನೋ ಬೇಜಾರಿನಲ್ಲಿ, ಮೈಮರೆತು ಒಂದು ಕೋಡುಬಳೆ ತೆಗೆದು ಕಚ್ಚಿದೆ. ಕಣ್ಣಲ್ಲಿ ನಕ್ಷತ್ರ.

“ರೀ, ಕೋಡ್ಬಳೆಗೆ ಅದೇನ್ರೀ ಮೆತ್ಕಂಡಿರೋದು?” ಸುಧಾಮಣಿ ಕೇಳಿದಳು.

“ಕಾರದ ಪುಡಿ.”

“ಕಾರದ ಪುಡಿ ಒದ್ದೆ ಇರ್ತದಾ? ಎಲ್ಲಿ, ಈ ಅಂತ ಹಲ್ಲು ಬುಡಿ.”

ಬಿಟ್ಟೆ. ಅವಳು ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. ಆಮೇಲೆ ಕ್ಯಾಲೆಂಡರಿನ ಕಡೆ ನೋಡಿದಳು.

“ಭಾನುವಾರ ಬೀಗರೂಟ,” ಅಂದಳು.

ಈಗ ನಿಮಗೆ ಕಷ್ಟ ಅರ್ಥವಾಗಿರಬೇಕು. ಮದುವೆ ನಾವು ಮಾಡಿಕೊಟ್ಟಿದ್ದೇವೆ, ಬೀಗರ ಊಟ ಗಂಡಿನ ಕಡೆಯವರು ಹಾಕುತ್ತಾರೆ. ಕೃಷ್ಣರಾಜನಗರದ ಹತ್ತಿರ ಹಳ್ಳಿ, ಕಾವೇರಿ ನಾಲೆಯ ನೀರು, ಭತ್ತ, ಕಬ್ಬು. ಬೀಗರು ಚಲುವರಾಜು ಅಂತ, ಆರಡಿ ಆಳು. ನಿಶ್ಚಿತಾರ್ಥದ ದಿನವೇ ನನ್ನ ಭುಜಕ್ಕೆ ಹೊಡೆದು ‘ನಮ್ಮನೇ ಬೀಗರೂಟ ಅಂದ್ರೆ ಮೂಳೆ ಕಡ್ಯೋ ಸದ್ದು ರೋಡಿಗೆ ಕೇಳ್ಬೇಕು’ ಅಂದಿದ್ದರು. ಹೆಣ್ಣಿನ ಅಪ್ಪ ಅಂದರೆ ಆವತ್ತು ಮೊದಲ ಪಂಕ್ತಿಯ ಮೊದಲ ಎಲೆ. ಅವನ ಎಲೆಗೆ ಮಜ್ಜೆ ತುಂಬಿದ ನಲ್ಲಿ ಮೂಳೆ ಬೀಳಲೇಬೇಕು, ಬಿದ್ದ ಮೂಳೆ ಖಾಲಿಯಾಗಲೇಬೇಕು. ಬಿಟ್ಟು ಎದ್ದರೆ? ‘ಅಡಿಗೆ ಹಿಡಿಸ್ಲಿಲ್ವಂತೆ’ ಅಂತ ಶುರುವಾಗಿ, ‘ಸಂಬಂಧವೇ ಹಿಡಿಸಿಲ್ವೇನೋ’ ಅನ್ನುವ ತನಕ ಹೋಗುತ್ತದೆ. ಮಗಳು ಆ ಮನೆಯಲ್ಲಿ ಬಾಳಬೇಕು.

ನಾನು ಉಪಾಯ ಹುಡುಕಿದೆ. “ಅಯ್ಯಪ್ಪನ ಮಾಲೆ ಹಾಕ್ಕೊಂಡಿದೀನಿ ಅಂದ್ಬಿಡ್ಲಾ?”

“ಮಾಲೆ ಎಲ್ಲಿ ಅಂದ್ರೆ? ಒಗ್ಯಾಕೆ ಹಾಕಿವ್ನಿ ಅಂತೀರಾ?”

ಮರುದಿನ ನನ್ನನ್ನು ರಮ್ಯಳ ಮುಂದೆ ಹಾಜರುಪಡಿಸಿದಳು.

ರಮ್ಯ ಸಣ್ಣ ಅಳತೆ ಕಡ್ಡಿಯನ್ನು ಹಲ್ಲಿಗೂ ಒಸಡಿಗೂ ನಡುವೆ ಇಳಿಸಿದಳು. ಎರಡು, ಮೂರು ಅಂತ ಎಣಿಸುತ್ತಿದ್ದವಳು ಕೆಳಗಿನ ಮುಂದಿನ ಹಲ್ಲಿಗೆ ಬಂದಾಗ ಏಳು ಅಂದಳು. ನನಗೆ ಖುಷಿಯಾಯಿತು. (ಮೇಷ್ಟ್ರು ಜಾತಿ. ಅಂಕ ಜಾಸ್ತಿ ಬಂದರೆ ಖುಷಿ.) ಆಮೇಲೆ ಗೊತ್ತಾಯಿತು, ಇದು ಕಮ್ಮಿ ಬಂದಷ್ಟೂ ಪಾಸು.

“ಒಸಡು ಹಲ್ಲು ಬಿಟ್ಟು ಕೆಳಕ್ಕೆ ಇಳಿದಿದೆ ಸಾರ್. ಒಳಗೆ ಮೂಳೆನೂ ಕರಗಿದೆ. ಎಕ್ಸ್‌ರೇ ನೋಡಿ, ಇಲ್ಲಿರಬೇಕಾಗಿದ್ದು ಇಲ್ಲಿದೆ. ಹೊಗೆಸೊಪ್ಪು ಗಿಗೆಸೊಪ್ಪು ಏನಾದ್ರೂ ಅಭ್ಯಾಸ ಇದೆಯಾ?”

ಸುಧಾಮಣಿ ನನಗಿಂತ ಮುಂಚೆ ಉತ್ತರ ಕೊಟ್ಟಳು. “ಚೆ ಚೆ. ಇವ್ರ ಸ್ಕೂಲ್ ಗೇಟಲ್ಲಿ ತಂಬಾಕು ಮುಕ್ತ ಅಂತ ಬೋರ್ಡ್ ಬರೆಸಿರೋರೇ ಇವ್ರು.”

ನಾನು ತಲೆಯಾಡಿಸಿದೆ. ಯಾವ ಕಡೆಗೆ ಅಂತ ಸ್ಪಷ್ಟವಾಗದ ಹಾಗೆ.

ರಮ್ಯ ಕೈಗನ್ನಡಿ ಹಿಡಿದಳು. ಕೆಳತುಟಿಯನ್ನು ಬೆರಳಿನಿಂದ ಮಡಿಸಿ, ಒಳಗೆ ಬೆಳ್ಳಗೆ ಸುಕ್ಕುಗಟ್ಟಿದ ಒಂದು ಜಾಗವನ್ನು ತೋರಿಸಿದಳು. ಸರಿಯಾಗಿ ಆ ಎರಡು ಹಲ್ಲಿನ ಕೆಳಗೆ. “ಕಡ್ಡಿಪುಡಿ ಇಲ್ಲೇ ಅಲ್ವಾ ಸಾರ್ ಇಟ್ಕೊಳೋದು? ಊಟ ಆದ್ಮೇಲೊಂದು, ಸ್ಕೂಲ್ ಬಿಟ್ಮೇಲೊಂದು?”

ಒಂದು ಕಾಲದಲ್ಲಿ ಇವಳ ಕಾಪಿ ಚೀಟಿಯನ್ನು ಹೀಗೇ ಹಿಡಿದು ಎತ್ತಿ ತೋರಿಸಿದ್ದೆ.

ಸುಧಾಮಣಿ ಎದ್ದು ನಿಂತಳು. “ಮತ್ತೆ ವಾಸನೆ ಬರ್ತದೆ ಅಂದಾಗೆಲ್ಲ ದಾರೀಲಿ ಬ್ಯಾರನ್ನು ಅದೆ ಅಂತಿದ್ರಿ?”

ಇದು ನಮ್ಮ ತಾಲ್ಲೂಕಿನ ಗಂಡಂದಿರಿಗೆ ಮಾತ್ರ ಸಿಗುವ ಸುಳ್ಳು, ಬೇರೆಯವರು ಪ್ರಯತ್ನಿಸಬೇಡಿ. ತಂಬಾಕು ಬೇಯಿಸುವ ಬ್ಯಾರನ್ನುಗಳು ರಸ್ತೆಯ ಎರಡೂ ಕಡೆ ಇರುವಾಗ ಅಂಗಿಯಲ್ಲಿ ಹೊಗೆಸೊಪ್ಪಿನ ವಾಸನೆ ಬಂದರೆ ಯಾರನ್ನು ದೂರುತ್ತೀರಿ? ಬಿ.ಎಡ್ ಓದುವಾಗ ಕಲಿತ ಚಿಟಿಕೆ ಕಡ್ಡಿಪುಡಿಯನ್ನು, ಅಂದರೆ ಹೊಗೆಸೊಪ್ಪಿನ ಕಡ್ಡಿಯ ಪುಡಿಯನ್ನು, ಈ ಒಂದು ಸುಳ್ಳಿನ ಮರೆಯಲ್ಲಿ ಇಷ್ಟು ವರ್ಷ ಸಾಕಿದ್ದೆ.

“ಬ್ಯಾರನ್ನು ಹಚ್ಚೋದು ವರ್ಷಕ್ಕೆ ಮೂರ್ನಾಕು ತಿಂಗ್ಳು ಕಣ್ರೀ. ನೀವು ಹನ್ನೆರಡು ತಿಂಗ್ಳೂ ನಾರ್ತಿದ್ರಿ. ನನ್ ಬುದ್ಧಿಗೆ ಏನಾಗಿತ್ತು!” ಅಂದಳು. ತಪ್ಪು ಮಾಡಿದವನು ನಾನು, ಅವಳು ಬೈದುಕೊಂಡದ್ದು ತನ್ನನ್ನೇ. ಅದು ಕೊಕ್ಕೆಗಿಂತ ಜಾಸ್ತಿ ಚುಚ್ಚಿತು.

ಜಗಳ ಕ್ಲಿನಿಕ್ಕಿನಲ್ಲೇ ಆಗಿಹೋಗುತ್ತಿತ್ತೇನೋ, ರಮ್ಯ ಪಾಠ ಶುರುಮಾಡಿದಳು.

“ಸಾರ್, ಆಕ್ಸಿಡೇಟಿವ್ ಸ್ಟ್ರೆಸ್ ಅಂತಾರೆ ಇದಕ್ಕೆ. ಉತ್ಕರ್ಷಣ ನೀವೇ ಪಾಠ ಮಾಡಿದ್ರಿ.”

ಮಾಡಿದ್ದೆ. ಕಬ್ಬಿಣದ ಮೊಳೆ, ಒದ್ದೆ ಹತ್ತಿ, ಪ್ರನಾಳ, ತುಕ್ಕು. ಆದರೆ ಮೊಳೆಗೆ ಆಗುವುದು ಮೇಷ್ಟರಿಗೂ ಆಗುತ್ತದೆ ಅಂತ ಪಠ್ಯಪುಸ್ತಕದಲ್ಲಿ ಇರಲಿಲ್ಲ.

“ಟೆನ್ಶನ್ನಾ ಡಾಕ್ಟ್ರೇ?” ಅಂದಳು ಸುಧಾಮಣಿ. “ಇವ್ರಿಗೇನು ಟೆನ್ಶನ್ನು? ಅದೆಲ್ಲ ನನ್ ಪಾಲಿಗೆ ಬಂದದೆ.”

“ಆ ಥರದ್ದಲ್ಲ ಆಂಟಿ. ನಮ್ಮೂರ ಕಡೆ ಹೊಲಕ್ಕೆ ಕಾಡುಹಂದಿ ನುಗ್ಗುತ್ತಲ್ಲ, ನಮ್ಮಪ್ಪ ಪಟಾಕಿ ಹಚ್ಚಿ ಎಸೀತಿದ್ರು. ಹಂದಿ ಓಡಿಹೋಗುತ್ತೆ, ಪಟಾಕಿ ನಿಲ್ಲುತ್ತೆ, ಅಲ್ಲಿಗೆ ಮುಗೀತು. ನಮ್ಮ ಮೈಯಲ್ಲೂ ಹಂಗೇನೆ. ಒಸಡಿನ ಸಂದಿಗೆ ಕ್ರಿಮಿ ಬಂದ್ರೆ ಬಿಳಿ ರಕ್ತಕಣಗಳು ಬಂದು ಆಕ್ಸಿಜನ್ನಿಂದಾನೇ ಮಾಡಿದ ಪಟಾಕಿ ಎಸೀತವೆ. ಆದ್ರೆ ಹಂದಿ ಹೋಗದೆ ಹೊಲದಲ್ಲೇ ಮನೆ ಮಾಡ್ಕೊಂಡ್ರೆ? ಸಾರ್ ಬಾಯಲ್ಲಿ ಪಾಚಿ ಗಟ್ಟಿಯಾಗಿ ಕೂತು ವರ್ಷಾನುಗಟ್ಲೆ ಆಗಿದೆ. ಇವರ ಮೈಯಿ ಹಗಲೂ ರಾತ್ರಿ ಪಟಾಕಿ ಎಸೀತಾನೇ ಇದೆ. ಹಂದಿಗೆ ಏನೂ ಆಗಿಲ್ಲ. ಹೊಲದಲ್ಲಿದ್ದ ಹತ್ತಿ ಹೊತ್ಕೊಂಡಿದೆ.”

“ಹತ್ತಿ ಅಂದ್ರೆ?”

“ಒಸಡು. ಅದರ ಕೆಳಗಿನ ಮೂಳೆ.”

ಸುಧಾಮಣಿ ನನ್ನನ್ನು ಹೊಲ ಸುಟ್ಟುಕೊಂಡವನನ್ನು ನೋಡುವ ಹಾಗೆ ನೋಡಿದಳು.

“ಕಿಡಿ ಆರಿಸೋಕೆ ಮೈಯಲ್ಲಿ ನೀರೂ ಇರುತ್ತೆ, ಅದೇ ಆಂಟಿಆಕ್ಸಿಡೆಂಟು,” ರಮ್ಯ ಮುಂದುವರಿಸಿದಳು. “ಹಣ್ಣು, ಸೊಪ್ಪು, ತರಕಾರಿಯಿಂದ ಬರುತ್ತೆ. ಆದ್ರೆ ಕಿಡಿನೇ ಜಾಸ್ತಿಯಾಗಿ ನೀರು ಸಾಲದೆ ಬಂದ್ರೆ ಆಕ್ಸಿಡೇಟಿವ್ ಸ್ಟ್ರೆಸ್ಸು. ಇದರ ಮೇಲೆ ಸಾರ್ ದಿನಾ ಎರಡು ಚಿಟಿಕೆ ಕಡ್ಡಿಪುಡಿ ಹಾಕಿ ಸೀಮೆಎಣ್ಣೆ ಸುರಿದಿದ್ದಾರೆ.”

ಇಷ್ಟು ಚೆನ್ನಾಗಿ ಪಾಠ ಮಾಡುವ ಹುಡುಗಿಗೆ ನಾನು ಹತ್ತು ಸಲ ಬಾಯಿ ಮುಚ್ಚು ಅಂದಿದ್ದೆನಲ್ಲ ಅಂತ ನಾಚಿಕೆಯಾಯಿತು.

“ಹಲ್ಲು ಹೋಗುತ್ತಾ?” ಅಂತ ಕೇಳಿದೆ. ಬಾಯಲ್ಲಿ ಹತ್ತಿಯುಂಡೆ ಇದ್ದದ್ದರಿಂದ ಅದು ಮಾತಿನ ಹಾಗೆ ಕೇಳಿಸಲಿಲ್ಲ, ಆದರೂ ಅವಳಿಗೆ ಅರ್ಥವಾಯಿತು.

“ಉಳಿದವು ಉಳ್ಕೊಳ್ತವೆ. ಈ ಎರಡು ನಿಮ್ಮ ಕೈಲಿದೆ. ನಾನು ಒಳಗಿಂದ ಕ್ಲೀನ್ ಮಾಡ್ತೀನಿ, ಪಕ್ಕದ ಹಲ್ಲಿಗೆ ಸೇರಿಸಿ ಸಣ್ಣ ತಂತಿ ಕಟ್ತೀನಿ. ಮೂರು ತಿಂಗಳು ಗಟ್ಟಿ ಏನೂ ಕಚ್ಚಬಾರದು. ಶುಗರ್ ಟೆಸ್ಟ್ ಮಾಡಿಸಿ. ಕಡ್ಡಿಪುಡಿ ಇವತ್ತಿಂದಾನೇ ಬಂದ್. ಅದೊಂದು ಬಿಡದೆ ಇದ್ರೆ ನಾನು ಏನ್ ಮಾಡಿದ್ರೂ ದಂಡ.”

“ಮೂಳೆ?” ಸುಧಾಮಣಿ ಕೇಳಿದಳು. “ಭಾನುವಾರ ಬೀಗರೂಟ.”

ರಮ್ಯ ನಮ್ಮ ಕಡೆಯವಳೇ ಅಲ್ಲವೇ? ಕಷ್ಟ ತಕ್ಷಣ ಗೊತ್ತಾಯಿತು. ಮಾಸ್ಕಿನ ಹಿಂದೆ ನಕ್ಕಳು ಅಂತ ಕಾಣುತ್ತದೆ. “ಮೂಳೆ ಕಚ್ಚಿದ್ರೆ ತಂತಿ ಜೊತೆಗೆ ಹಲ್ಲೂ ಎಲೆ ಮೇಲೆ ಬೀಳುತ್ತೆ ಆಂಟಿ. ಬೀಗರ ಎದುರಿಗೇ.”

ಎರಡು ದಿನ ಕ್ಲೀನಿಂಗ್ ನಡೆಯಿತು. ಆ ಮೆಷಿನ್ನಿನ ಸದ್ದು, ಆ ನೀರು, ಆ ಕೊಕ್ಕೆ, ಅದನ್ನೆಲ್ಲ ಬರೆದು ನಿಮ್ಮನ್ನು ಹೆದರಿಸುವುದಿಲ್ಲ. ಹೆದರಿದರೆ ನೀವೂ ನನ್ನ ಹಾಗೆ ಮೂರು ವರ್ಷ ಮುದ್ದೆ ನುಂಗುತ್ತೀರಿ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟ ಮೇಲೆ ನೋವೇನೂ ಇರಲಿಲ್ಲ, ಅವಮಾನ ಮಾತ್ರ ಇತ್ತು.

ಇನ್ನು ಕಡ್ಡಿಪುಡಿ. ಮೊದಲ ದಿನ ಮಧ್ಯಾಹ್ನದ ಊಟವಾದ ತಕ್ಷಣ ನನ್ನ ಕೈ ತಾನಾಗಿ ಜೇಬಿಗೆ ಹೋಯಿತು. ಜೇಬಿನಲ್ಲಿ ಲವಂಗ ಇತ್ತು. (ಸುಧಾಮಣಿ.) ಎರಡನೆಯ ದಿನ ಏಳನೇ ಕ್ಲಾಸಿನ ಇಡೀ ಹಾಜರಾತಿಯನ್ನು ಎರಡು ಸಲ ಕೂಗಿದೆ. ಮೂರನೆಯ ದಿನ ಕಾರಣವಿಲ್ಲದೆ ಹೆಡ್‌ಮಾಸ್ಟರ ಮೇಲೆ ರೇಗಿದೆ. ಇದನ್ನೆಲ್ಲ ನೋಡಿದ ನಮ್ಮ ಪಿ.ಟಿ. ಮೇಷ್ಟ್ರು ಮೆಲ್ಲಗೆ ಹತ್ತಿರ ಬಂದು ಒಂದು ಬಾಟಲಿ ತೆಗೆದರು. ಹದಿನಾರು ಕಾಡುಹಣ್ಣಿನ ರಸವಂತೆ. “ಪೂರ್ತಿ ಆಂಟಿಆಕ್ಸಿಡೆಂಟ್ ಕಣ್ರೀ ಸಾ. ಬೆಳಿಗ್ಗೆ ಎರಡು ಮುಚ್ಚಳ, ಸಂಜೆ ಎರಡು ಮುಚ್ಚಳ. ಒಸಡೇನು, ಬೋಳುತಲೆಲೂ ಕೂದ್ಲು ಬಂದದೆ.” ಅವರ ತಲೆಯನ್ನು ನೋಡಿದೆ. ಅಲ್ಲಿ ಇನ್ನೂ ಬಂದಿರಲಿಲ್ಲ.

ರಮ್ಯಳಿಗೆ ಫೋನ್ ಮಾಡಿ ಕೇಳಿದೆ. “ಸಾರ್, ಬೆಂಕಿ ಹಚ್ತಾನೇ ಇದ್ದು ನೀರಿನ ಬಾಟ್ಲಿ ಕೊಂಡ್ಕೊಂಡ್ರೆ ಆಗುತ್ತಾ? ಸೀಬೆಹಣ್ಣು ತಿನ್ನಿ, ಹೋಳು ಮಾಡ್ಕೊಂಡು. ಎರಡು ಹೊತ್ತು ಬ್ರಷ್ ಮಾಡಿ. ರಕ್ತ ಬಂದ್ರೂ ಆ ಜಾಗ ಬಿಡ್ಬೇಡಿ,” ಅಂದಳು. ಬಾಟಲಿ ವಾಪಸ್ ಕೊಟ್ಟೆ. ಪಿ.ಟಿ. ಮೇಷ್ಟ್ರು ಈಗ ನನ್ನ ಜೊತೆ ಟೀ ಕುಡಿಯುತ್ತಿಲ್ಲ.

ಈ ಸುದ್ದಿ ಯಾರಿಗೂ ಗೊತ್ತಾಗಬಾರದು ಅಂತ ಸುಧಾಮಣಿಯ ಆಜ್ಞೆ. ಚೈತ್ರಳಿಗೂ ಹೇಳಲಿಲ್ಲ. ಫೋನಿನಲ್ಲಿ ಹೇಳಿದರೆ ಅವಳು ಗಾಬರಿಯಾಗುತ್ತಾಳೆ, ಗಂಡನಿಗೆ ಹೇಳುತ್ತಾಳೆ, ಗಂಡ ಅಪ್ಪನಿಗೆ ಹೇಳುತ್ತಾನೆ. ‘ಮದ್ವೆ ಮಾಡೋ ತಂಕ ಮುಚ್ಚಿಟ್ಟಿದ್ರು’ ಅಂತ ಆಗುತ್ತದೆ. ಹಲ್ಲನ್ನೂ ಒಂದು ವಂಶದ ಕಾಯಿಲೆ ಮಾಡಿಬಿಡುತ್ತಾರೆ ಜನ.

ಭಾನುವಾರ ಬಂತು. ಎರಡು ಟೆಂಪೊ ತುಂಬ ನಮ್ಮ ಕಡೆಯ ಜನ. ಶಾಮಿಯಾನ, ಸ್ಪೀಕರು, ಮೂರು ಒಲೆಯಲ್ಲಿ ಕುದಿಯುವ ಬಾಡಿನ ಸಾರು. ಘಮಘಮ ಅಂದರೆ ಸಾಲದು. ಒಂದು ಕ್ಷಣ ಎರಡು ಹಲ್ಲು ಹೋದರೆ ಹೋಗಲಿ ಅನ್ನಿಸಿದ್ದು ಸುಳ್ಳಲ್ಲ.

ಮೊದಲ ಪಂಕ್ತಿ, ಮೊದಲ ಎಲೆ. ನನ್ನ ಪಕ್ಕಕ್ಕೆ ಬೀಗರ ಕಡೆಯ ಹಿರಿಯರು ಐದು ಜನ. ಎದುರು ಸಾಲಿನಲ್ಲಿ ಹೆಂಗಸರು, ಅವರ ನಡುವೆ ಸುಧಾಮಣಿ, ಕಣ್ಣು ನನ್ನ ಬಾಯಿಯ ಮೇಲೆ. ಮುದ್ದೆ ಬಂತು, ಬೋಟಿ ಗೊಜ್ಜು ಬಂತು, ಸಾರು ಬಂತು. ಆಮೇಲೆ ಬಕೆಟ್ಟು ಹಿಡಿದು ಸ್ವತಃ ಚಲುವರಾಜು ಬಂದರು. ಹುಡುಕಿ, ಕಲಕಿ, ಒಂದು ನಲ್ಲಿ ಮೂಳೆಯನ್ನು ಎತ್ತಿ ನನ್ನ ಎಲೆಗೆ ಬಿಟ್ಟರು. ದೊಡ್ಡದು. ಅದರ ಸಂದಿಯಿಂದ ಸಾರು ತೊಟ್ಟಿಕ್ಕುತ್ತಿತ್ತು.

ನಾನು ಮುದ್ದೆ ನುಂಗಿದೆ. ಇನ್ನೊಂದು ತುತ್ತು ನುಂಗಿದೆ. ಮೂಳೆಯನ್ನು ಎಲೆಯ ಆ ತುದಿಗೆ ಸರಿಸಿದೆ. ಸುತ್ತು ಹೊಡೆದು ಬೀಗರು ವಾಪಸ್ ಬಂದರು.

“ಬೀಗ್ರೆ, ಇದೇನ್ರೀ ಅಂಗೇ ಬಿದ್ದದೆ? ಕಡೀರಿ, ಕಡೀರಿ. ನಾಚ್ಕಬ್ಯಾಡಿ.”

“ತಿಂತೀನಿ ಬೀಗ್ರೆ. ಆರಲಿ ಅಂತ.”

“ಆರುದ್ರೆ ಏನ್ ಚೆಂದ? ಅಡಿಗೆ ಸರಿಗಿಲ್ವಾ? ಉಪ್ಪು ಕಮ್ಮಿ ಆಗದಾ? ಯೋಳ್ರಿ, ಅಡಿಗೆಯೋರ್ನ ಕರೀತೀನಿ.”

ಎಲ್ಲರೂ ನನ್ನ ಎಲೆಯನ್ನೇ ನೋಡುತ್ತಿದ್ದಾರೆ. ಬೀಗರು ಮೂಳೆಯನ್ನು ತಾವೇ ಎತ್ತಿ ನನ್ನ ಕೈಗೆ ಕೊಟ್ಟರು. ಸುಧಾಮಣಿ ಕಣ್ಣು ಮುಚ್ಚಿಕೊಂಡಳು. ಕಚ್ಚಿದರೆ ಹಲ್ಲು ಹೋಗುತ್ತದೆ. ಕಚ್ಚದಿದ್ದರೆ ಮಗಳ ಮನೆಯಲ್ಲಿ ಮಾನ ಹೋಗುತ್ತದೆ. ಇಪ್ಪತ್ತಾರು ವರ್ಷ ಪಾಠ ಹೇಳಿದ ಬಾಯಿಗೆ ಆವತ್ತು ಒಂದು ಸುಳ್ಳೂ ಒದಗಿ ಬರಲಿಲ್ಲ.

“ಬೀಗ್ರೆ, ಅಡಿಗೆ ಅಮೃತ ಇದ್ದಂಗದೆ. ಕೆಟ್ಟಿರೋದು ನನ್ನ ಒಸಡು,” ಅಂದೆ. “ಎರಡು ಹಲ್ಲು ತಂತೀಲಿ ಕಟ್ಟಿದಾರೆ. ನೋಡಿ.” ತುಟಿ ಎಳೆದು ತೋರಿಸಿಯೇಬಿಟ್ಟೆ.

ಬೀಗರು ಬಗ್ಗಿ ನೋಡಿದರು. ಬಕೆಟ್ಟು ಕೆಳಗಿಟ್ಟರು. ಇನ್ನೂ ಬಗ್ಗಿದರು. ಬೈಯುತ್ತಾರೆ ಅಂತ ನಾನು ಕಾದೆ.

“ತಂತಿ ಕಟ್ಟುದ್ರೆ ನಿಲ್ತವಾ?” ಅಂದರು, ಬಹಳ ಸಣ್ಣ ದನಿಯಲ್ಲಿ.

“ನಿಲ್ಲಬಹುದು ಅಂದ್ರು.”

ಆರಡಿ ಆಳು ನನ್ನ ಎಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಆ ಕಡೆ ಈ ಕಡೆ ನೋಡಿ ಬಾಯಿ ತೆರೆದರು. “ನನ್ದೂ ನೋಡಿ. ಮ್ಯಾಲಿನವು ನಾಕು ಅಲ್ಲಾಡ್ತವೆ. ವರ್ಸದಿಂದ ಕಬ್ಬು ಕಡ್ದಿಲ್ಲ ಕಣ್ರೀ. ಯಾರ್ಗೂ ಯೋಳಿಲ್ಲ.”

ನಾನು ಅವರ ಬಾಯಿಯನ್ನೂ ಅವರು ನನ್ನ ಬಾಯಿಯನ್ನೂ ನೋಡುತ್ತಿದ್ದ ಆ ಹೊತ್ತಿಗೆ ಸರಿಯಾಗಿ ಫೋಟೋಗ್ರಾಫರ್ ಕ್ಲಿಕ್ ಮಾಡಿದ. ಮದುವೆ ಆಲ್ಬಮ್ಮಿನ ಕೊನೆಯ ಪುಟದಲ್ಲಿ ನೋಡಿ, ಇಬ್ಬರು ಬೀಗರು ದನದ ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ ಕೂತಿದ್ದೇವೆ.

ಅಷ್ಟೇ, ಕಟ್ಟೆ ಒಡೆಯಿತು. ಪಕ್ಕದ ಎಲೆಯವರು “ನಂಗೆ ಹಲ್ಲುಜ್ಜುದ್ರೆ ರಕ್ತ ಬತ್ತದೆ ಕಣಪ್ಪ” ಅಂದರು. ಅದರಾಚೆಯವರಿಗೆ ಎರಡು ಆಗಲೇ ಉದುರಿವೆ. ಇನ್ನೊಬ್ಬರಿಗೆ ಬಿಸಿ ಟೀ ಕುಡಿದರೆ ಪ್ರಾಣ ಹೋಗುತ್ತದಂತೆ. ಉಳಿದಿಬ್ಬರು ತಮ್ಮ ಎಲೆಯನ್ನು ತೋರಿಸಿದರು. ಅವರ ಮೂಳೆಯೂ ಬಿದ್ದ ಹಾಗೇ ಬಿದ್ದಿತ್ತು. ನಾನು ಸಾಲಿನ ಉದ್ದಕ್ಕೂ ನೋಡಿದೆ. ಐವತ್ತು ದಾಟಿದ ಆರು ಗಂಡಸರು, ಖಾಲಿಯಾದ ಆರು ಮುದ್ದೆ, ಕಚ್ಚದ ಆರು ಮೂಳೆ. ಮೂಳೆ ಕಡಿಯುವ ಸದ್ದು ರೋಡಿಗೆ ಕೇಳಿಸಿದ್ದೇನೋ ನಿಜ, ಅದು ಶಾಮಿಯಾನದ ಹಿಂದಿನ ನಾಯಿಗಳದ್ದು.

ಊಟ ಮುಗಿಯುವಷ್ಟರಲ್ಲಿ ನಾನು ಎಂಟನೇ ಕ್ಲಾಸಿನ ಪಾಠವನ್ನೂ ರಮ್ಯಳ ಹಂದಿ ಪಟಾಕಿಯ ಪಾಠವನ್ನೂ ಸೇರಿಸಿ ಒಂದು ಪೀರಿಯಡ್ ಮುಗಿಸಿದ್ದೆ. ಐದು ಜನ ಅವಳ ನಂಬರು ಬರೆದುಕೊಂಡರು. ಬೀಗರು ಎಲ್ಲರನ್ನೂ ಒಂದ್ಸಲ ಟೆಂಪೊದಲ್ಲಿ ಕರೆದುಕೊಂಡು ಬರುತ್ತಾರಂತೆ. ಸುಧಾಮಣಿ ಆ ಕಡೆಯಿಂದ ನೋಡಿ ನಕ್ಕಳು. ಎಂಟು ದಿನದಲ್ಲಿ ಮೊದಲನೆಯ ನಗು. ಗೆದ್ದೆ ಅಂದುಕೊಂಡೆ.

ಕೈ ತೊಳೆದು ಬಂದು ಕೂತಾಗ ಎಲೆ ಅಡಿಕೆಯ ತಟ್ಟೆ ಬಂತು.

ಹೊಸ ಸೊಸೆ ಹಿರಿಯರಿಗೆಲ್ಲ ತಾನೇ ಕೊಡಬೇಕು, ಅದು ಆ ಮನೆಯ ಪದ್ಧತಿ. ಹಸಿರು ರೇಷ್ಮೆ ಸೀರೆ ಉಟ್ಟು ಚೈತ್ರ ಸಾಲಿನ ಆ ತುದಿಯಿಂದ ಬರುತ್ತಿದ್ದಳು. ವೀಳ್ಯದೆಲೆ, ಅಡಿಕೆ, ಸುಣ್ಣ, ಪಕ್ಕದಲ್ಲಿ ಒಂದು ಬಟ್ಟಲು ತುಂಬ ಕಡ್ಡಿಪುಡಿ. ಈಗ ತಾನೆ ಹಲ್ಲಿನ ಗೋಳು ಹೇಳಿಕೊಂಡ ಐವರೂ ಒಂದೊಂದು ಚಿಟಿಕೆ ತೆಗೆದುಕೊಂಡರು. ಬೀಗರು ಎರಡು ಚಿಟಿಕೆ. ಬೇಡ ಅನ್ನಬೇಕಾದವನು ನಾನು. ಹೇಳುವುದಕ್ಕೆ ಬಾಯಿ ಬರಬೇಕಲ್ಲ? ಆ ಘಾಟು ಮೂಗಿಗೆ ಬಡಿದ ಕೂಡಲೇ ನನ್ನ ಬಾಯಲ್ಲಿ ನೀರೂರಿತ್ತು. ನನ್ನ ಬಲಗೈಯನ್ನು ತೊಡೆಯ ಕೆಳಗೆ ಇಟ್ಟು ಅದರ ಮೇಲೆ ಕೂತೆ.

ಚೈತ್ರ ನನ್ನ ಮುಂದೆ ಬಗ್ಗಿದಳು. ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಪಿಸುಗುಟ್ಟಿದಳು.

“ಅಪ್ಪ, ನಿಮ್ದು ಬೇರೆ ತರಿಸಿಟ್ಟಿದೀನಿ. ತಟ್ಟೇಲಿ ವೀಳ್ಯದೆಲೆ ಕೆಳಗದೆ. ಅಮ್ಮ ಆ ಕಡೆ ತಿರುಗವ್ಳೆ, ಬೇಗ ತಗೊಳ್ಳಿ.”

ಎಲೆಯ ಕೆಳಗೆ ನೋಡಿದೆ. ನಾನು ಯಾವಾಗಲೂ ತರುವ ಪೊಟ್ಟಣ. ಅದೇ ಅಂಗಡಿಯದು, ಅದೇ ಗಾತ್ರದ್ದು.

“ನಿಂಗೆ ಹೆಂಗಮ್ಮ ಗೊತ್ತು?”

“ಅಯ್ಯೋ ಅಪ್ಪ, ನಾಕನೇ ಕ್ಲಾಸಿಂದ ನಿಮ್ಮ ಷರ್ಟು ಒಗೆಯೋಕೆ ಹಾಕೋ ಮುಂಚೆ ಜೇಬು ನೋಡ್ತಿದ್ದೋಳು ನಾನೇ ಅಲ್ವಾ? ಅಮ್ಮಂಗೆ ಸಿಕ್ಕಿದ್ರೆ ಜಗಳ ಆಗ್ತದೆ ಅಂತ ತೆಗೆದು ನಿಮ್ಮ ಬ್ಯಾಗಿಗೆ ಹಾಕ್ತಿದ್ದೆ.”

ಬ್ಯಾಗಿನಲ್ಲಿ ಆ ಪೊಟ್ಟಣ ಸಿಕ್ಕಾಗಲೆಲ್ಲ ನಾನೇ ಇಟ್ಟು ಮರೆತಿದ್ದೆ ಅಂದುಕೊಳ್ಳುತ್ತಿದ್ದೆ. ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ಮುಚ್ಚಿಟ್ಟದ್ದು ನನ್ನ ಜಾಣತನ ಅಂದುಕೊಂಡಿದ್ದೆ. ಅದು ಒಂಬತ್ತು ವರ್ಷದ ಮಗುವಿನ ಕೆಲಸವಾಗಿತ್ತು.

“ಬೇಡಮ್ಮ,” ಅಂದೆ. “ಬಿಟ್ಟಿದೀನಿ.”

ಅವಳು ನಂಬಲಿಲ್ಲ. ಹಣೆ ಮುಟ್ಟಿ ನೋಡಿದಳು. “ಹುಷಾರಾಗಿದೀರಾ ಅಪ್ಪ?” ಅಂದಳು. ಆಮೇಲೆ, ಅಪ್ಪ ನಾಚಿಕೆಗೆ ಬೇಡ ಅನ್ನುತ್ತಿದ್ದಾನೆ ಅಂತಲೇ ತಿಳಿದು, ಪೊಟ್ಟಣವನ್ನು ಅಮ್ಮನಿಗೆ ಕಾಣದ ಹಾಗೆ ಸೆರಗಿನೊಳಗೆ ಸೇರಿಸಿಕೊಂಡು ಮುಂದಿನ ಸಾಲಿಗೆ ಹೋದಳು.

ಅವಳು ಹೋಗುವುದನ್ನೇ ನೋಡುತ್ತಾ ಕೂತೆ. ಎರಡು ಹಲ್ಲು ಉಳಿಯುತ್ತವೋ ಬಿಡುತ್ತವೋ ಮೂರು ತಿಂಗಳಿಗೆ ಗೊತ್ತಾಗುತ್ತದೆ, ಅದರ ಚಿಂತೆ ಆಗ ನನಗೆ ಒಂದಿಷ್ಟೂ ಇರಲಿಲ್ಲ.

ಹದಿನಾರು ವರ್ಷ ನನ್ನ ಜೇಬು ಕಾದ ಈ ಹುಡುಗಿಯನ್ನು ಗಂಡನ ಮನೆಗೆ ಕಳಿಸುವಾಗ, ಅಷ್ಟು ಜನರ ಮುಂದೆ ನಾನು ಅತ್ತದ್ದು ಯಾವ ಮುಖ ಇಟ್ಟುಕೊಂಡು?